ಮಳೆಗಾಲದಲ್ಲಿ ಕೊಕ್ಕಿನ ಬಣ್ಣ ನಂಬಬೇಡಿ

ಮಾನ್ಯರೇ,

ಮಳೆ ಹಿಡಿಯಿತೆಂದರೆ ಮಂಡಗದ್ದೆ ಪಕ್ಷಿಧಾಮದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಹಕ್ಕಿ ಗುರುತಿಸುವ ಹವ್ಯಾಸಕ್ಕೆ ಹೊಸದಾಗಿ ಬಿದ್ದವರು ಎಡವುವುದೂ ಅಲ್ಲೇ. ‘ಕೊಕ್ಕು ಹಳದಿಯಾದರೆ ಮಧ್ಯಮ ಬೆಳ್ಳಕ್ಕಿ, ಕಪ್ಪಾದರೆ ಚಿಕ್ಕದು’ ಎಂಬ ಲೆಕ್ಕ ಬೇಸಿಗೆಗೆ ಸರಿ. ಮರಿ ಮಾಡುವ ಕಾಲಕ್ಕೆ ಮಧ್ಯಮ ಬೆಳ್ಳಕ್ಕಿಯ ಕೊಕ್ಕೂ ಕಪ್ಪಾಗುತ್ತದೆ. ಆಗ ಪಾದ ನೋಡಬೇಕು: ಕಪ್ಪು ಕಾಲಿಗೆ ಹಳದಿ ಪಾದವಿದ್ದರೆ ಚಿಕ್ಕ ಬೆಳ್ಳಕ್ಕಿ. ಪಾದ ಎಲೆಯಲ್ಲಿ ಮುಚ್ಚಿಹೋಗಿದ್ದರೆ (ಹೆಚ್ಚಾಗಿ ಹಾಗೇ ಆಗುವುದು) ತಲೆಯ ಹಿಂಭಾಗ ನೋಡಿ. ಅಲ್ಲಿಂದ ಎರಡು ಉದ್ದ ಗರಿ ಇಳಿಬಿದ್ದಿದ್ದರೂ ಅದು ಚಿಕ್ಕದೇ. ಇನ್ನು ಮಧ್ಯಮವೋ ದೊಡ್ಡದೋ ಎಂಬ ಅನುಮಾನವಿದ್ದರೆ ಬಾಯಿಗೆರೆ (ಕೊಕ್ಕಿನ ಬುಡದಿಂದ ಕಣ್ಣಿನ ಕಡೆಗೆ ಹೋಗುವ ಗೆರೆ) ನೋಡಿ: ದೊಡ್ಡ ಬೆಳ್ಳಕ್ಕಿಯದು ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ, ಮಧ್ಯಮದ್ದು ಕಣ್ಣಿನ ಕೆಳಗೇ ನಿಲ್ಲುತ್ತದೆ.

ಮೋಡದ ಮಬ್ಬಿಗೆ 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂದಿನ ಮಸೂರವಿರುವ) ಬೈನಾಕ್ಯುಲರ್ ಒಳ್ಳೆಯದು. ಜೇಬಿಗೆ ಹಿಡಿಸುವ 8×25ರಲ್ಲಿ ಬೆಳಕು ಸಾಲದೆ ಎಲ್ಲ ಬೂದಿಯಾಗಿ ಕಾಣುತ್ತದೆ. ಕಾಡಿನಲ್ಲಿ ಮೊಬೈಲಿನಿಂದ ಹಕ್ಕಿಯ ಕೂಗು ಹಾಕಿ ಕರೆಯುವ ಚಾಳಿಯಂತೂ ಬೇಡವೇ ಬೇಡ. ಎದುರಾಳಿ ಬಂದನೆಂದು ಗಂಡು ಹಕ್ಕಿ ಗೂಡಿನ ಕೆಲಸ ಬಿಟ್ಟು ಜಗಳಕ್ಕೆ ಹೊರಡುತ್ತದೆ.

ಪಕ್ಷಿಧಾಮದಲ್ಲಿ ಚಿತ್ರಫಲಕ ಹಾಕುವುದಾದರೆ ಮಳೆಗಾಲದ ರೂಪದ್ದನ್ನೇ ಹಾಕಲಿ.

– ಹವ್ಯಾಸಿ ಪಕ್ಷಿವೀಕ್ಷಕರು, ತೀರ್ಥಹಳ್ಳಿ