ಹೆಬ್ಬೆರಳ ನೋವಿನ ಬಗ್ಗೆ ಅಣ್ಣನಿಗೆ
ಬರ್ಮಿಂಗ್‌ಹ್ಯಾಮ್

ಅಣ್ಣಾ,

ನಿನ್ನ ಹೆಬ್ಬೆರಳು ಮತ್ತೆ ಊದಿಕೊಂಡಿದೆಯಂತೆ, ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿ ಗದ್ದೆಗೆ ಹೋಗಿಬಿಟ್ಟೆಯಂತೆ, ಅತ್ತಿಗೆ ಹೇಳಿದರು. ಫೋನಲ್ಲಿ ಹೇಳಿದರೆ ನೀನು "ಆಯ್ತು ಬಿಡು" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕೂತು ಓದು.

ನನಗೆ ಹೋದ ವರ್ಷ ಇದೇ ಗೌಟ್, ಅಂದರೆ ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲುನೋವು, ಬಂದಾಗ ರಾತ್ರಿ ಎರಡು ಗಂಟೆ. ದುಪ್ಪಟಿಯ ಅಂಚು ಬೆರಳಿಗೆ ತಾಗಿದರೂ ಜೀವ ಹೋದ ಹಾಗಾಗುತ್ತಿತ್ತು. ಬಾತ್‌ರೂಮಿಗೆ ತೆವಳಿಕೊಂಡು ಹೋದೆ. ಬೆಳಿಗ್ಗೆ ಶೂ ಹತ್ತಲಿಲ್ಲ, ಆ ಚಳಿಯಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡೇ ಡಾಕ್ಟರ ಹತ್ತಿರ ಹೋದೆ. ಯೂರಿಕ್ ಆಸಿಡ್ 540 ಅಂದಾಗ ನೀವೆಲ್ಲ ಹೆದರಿದ್ದಿರಿ, ನೆನಪಿದೆಯಾ? ಇಲ್ಲಿನ ಅಳತೆ ಬೇರೆ, ನಮ್ಮೂರ ಲೆಕ್ಕದಲ್ಲಿ ಅದು 9. ಸುಮಾರು 6.8 ದಾಟಿದರೆ ರಕ್ತದಲ್ಲಿ ಕರಗಿರಲಾರದೆ ಸಣ್ಣ ಹರಳಾಗಿ ಕೀಲಲ್ಲಿ ಕೂರುತ್ತದೆ. ಅಪ್ಪನ ಮೊಣಕೈ ಮೇಲೆ ಒಂದು ಗಂಟಿತ್ತಲ್ಲ, ಕೊಬ್ಬಿನ ಗಂಟು ಅಂದುಕೊಂಡಿದ್ದೆವು. ಅದೂ ಇದೇ ಇರಬೇಕು ಅಂತ ಈಗ ಅನಿಸುತ್ತೆ.

ನಾನು ಮಾಡಿದ ತಪ್ಪು ಕೇಳು. ನೋವು ಇಳಿದ ಮೇಲೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆ, 100 ಮಿ.ಗ್ರಾಂ., ಶುರು ಮಾಡಿದರು. ಎರಡನೇ ತಿಂಗಳು ಮತ್ತೆ ಬೆರಳು ಊದಿತು. ಮಾತ್ರೆ ಒಗ್ಗಲಿಲ್ಲ ಅಂತ ನಾನೇ ಬಿಟ್ಟುಬಿಟ್ಟೆ. ಡಾಕ್ಟರು ಬೈದರು. ಬೋರ್ ನೀರಿನ ಹಂಡೆಯಲ್ಲಿ ಕಟ್ಟಿರುವ ಬಿಳಿ ಹೊಪ್ಪಳ ಬಿಡುವಾಗ ನೀರೆಲ್ಲ ಕದಡುತ್ತಲ್ಲ, ಹಾಗೇ ಹಳೇ ಹರಳು ಕರಗುವಾಗಲೂ ನೋವು ಬರಬಹುದಂತೆ. ಅದಕ್ಕೇ ಮೊದಲ ಕೆಲವು ತಿಂಗಳು ಜೊತೆಗೆ ಊತ, ನೋವು ಬರದಂತೆ ತಡೆಯುವ ಕಾಲ್ಚಿಸಿನ್ ಕೊಟ್ಟರು. ಅದು ಸ್ವಲ್ಪ ಜಾಸ್ತಿಯಾದರೂ ಭೇದಿ, ಹುಷಾರು. ಈಗ ಅಲೋಪ್ಯೂರಿನಾಲ್ 300ಕ್ಕೆ ಬಂದಿದ್ದೇನೆ, ಯೂರಿಕ್ ಆಸಿಡ್ ರಿಪೋರ್ಟ್ 340, ಅಂದರೆ ನಮ್ಮೂರ ಲೆಕ್ಕದಲ್ಲಿ 6ರ ಒಳಗೆ. ನೋವಿಲ್ಲ, ಆದರೂ ದಿನಾ ನುಂಗುತ್ತೇನೆ. ಈ ಅಲೋಪ್ಯೂರಿನಾಲ್‌ಗೆ ಮೈಮೇಲೆ ಗಂಧೆ, ಗುಳ್ಳೆ ಎದ್ದರೆ ಮಾತ್ರ ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು.

ನಿನ್ನ ಯೂರಿಕ್ ಆಸಿಡ್ ರಿಪೋರ್ಟ್ ನಾರ್ಮಲ್ ಬಂದಿದೆ ಅಂತ ಬೀಗಬೇಡ. ನೋವಿರುವಾಗ ಅದು ಕಮ್ಮಿ ತೋರಿಸುವುದುಂಟು. ಪೂರ್ತಿ ಇಳಿದು ಎರಡು ವಾರ ಬಿಟ್ಟು ಇನ್ನೊಂದು ಸಲ ಮಾಡಿಸು, ಜೊತೆಗೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಟೆಸ್ಟ್ ಕೂಡ. ಬಿಪಿ ಇರುವವನು ನೀನು, ನೋವಿನ ಮಾತ್ರೆ ಹೀಗೆ ನುಂಗಿದರೆ ಕಿಡ್ನಿಗೆ ಏಟು.

ಅವ್ವ ಬೇಳೆ, ಸೊಪ್ಪು, ಟೊಮೆಟೊ ಎಲ್ಲ ನಿಲ್ಲಿಸಿದ್ದಾಳಂತೆ. ಪಾಪ, ಬಸ್ಸಾರಿಲ್ಲದೆ ನೀನು ಮುದ್ದೆ ಹೇಗೆ ನುಂಗುತ್ತೀಯೋ! ಬೇಳೆ, ಸೊಪ್ಪಿನಿಂದ ಈ ನೋವು ಜಾಸ್ತಿಯಾಗಲ್ಲ ಅಂತ ಅವ್ವನಿಗೆ ಹೇಳು. ಮಜ್ಜಿಗೆ ಒಳ್ಳೆಯದೇ. ಕಮ್ಮಿ ಮಾಡಬೇಕಾದ್ದು ಬೋಟಿ, ಲಿವರ್, ಮಟನ್, ಬಿಯರ್, ಸಿಹಿ ಕೂಲ್‌ಡ್ರಿಂಕ್ಸ್. ಅಷ್ಟು ಮಾಡಿದರೂ ಊಟದಿಂದ ಇಳಿಯುವುದು ಹೆಚ್ಚೆಂದರೆ ಒಂದು ಪಾಯಿಂಟು. 9 ಇದ್ದವನು ಪಥ್ಯದಿಂದಲೇ 6ಕ್ಕೆ ಬರುವುದು ಕಷ್ಟ.

ಇನ್ನೊಂದು. ಕೆಲವು ಬಿಪಿ ಮಾತ್ರೆಗಳಲ್ಲಿ ನೀರು ಇಳಿಸುವ ಔಷಧಿ ಸೇರಿರುತ್ತೆ, ಅದು ಯೂರಿಕ್ ಆಸಿಡ್ ಏರಿಸುತ್ತದೆ. ನೀನೇ ನಿಲ್ಲಿಸಬೇಡ, ಬೇರೆ ಬರೆಯಲಾಗುತ್ತಾ ಅಂತ ಡಾಕ್ಟರನ್ನು ಕೇಳು. ಹೆಸರು ನೆನಪಿಲ್ಲ ಅಂದರೆ ಸ್ಟ್ರಿಪ್ ತಿರುಗಿಸಿ ಒಂದು ಫೋಟೋ ಹೊಡೆದು ಕಳಿಸು, ಇವತ್ತು ರಾತ್ರಿಯೇ.

ನಿನ್ನ ತಮ್ಮ