ಡಿಸ್ನಿ ಟಿಕೆಟಿನ ಅವಧಿ ಅಜ್ಜ–ಅಜ್ಜಿಯರಿಗೂ ಹೊಂದುವಂತಿರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವ ತಂದೆ–ತಾಯಿಯರು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಮಲೆನಾಡಿನ ಸಣ್ಣ ಊರುಗಳಲ್ಲೂ ಸಿಗುತ್ತಾರೆ. ಅವರು ನೋಡಿಬರುವ ಸ್ಥಳಗಳ ಪಟ್ಟಿಯಲ್ಲಿ ನಯಾಗರ ಜಲಪಾತದ ಜೊತೆಗೆ, ನಾಲ್ಕು ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕುಗಳಿರುವ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಇದ್ದೇ ಇರುತ್ತದೆ. ಪತ್ರಿಕೆಗಳ ಪ್ರವಾಸ ಪುರವಣಿಗಳಲ್ಲಾಗಲಿ, ಟ್ರಾವೆಲ್ಸ್‌ನವರ ಕರಪತ್ರಗಳಲ್ಲಾಗಲಿ ಈ ಜಾಗದ ಬಗ್ಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ನಾಲ್ಕು ಪಾರ್ಕಿಗೆ ನಾಲ್ಕು ದಿನ, ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿರಿ, ರಾತ್ರಿ ಬಾಣಬಿರುಸು ಮುಗಿದ ಮೇಲೆ ಹೊರಡಿ. ಗಟ್ಟಿಮುಟ್ಟಾದ ಪ್ರಾಯದವರಿಗೆ ಇದು ಸರಿಯಾದ ಸಲಹೆಯೇ. ಆದರೆ ಮೊಣಕಾಲು ನೋವಿರುವ ಅಜ್ಜಿ ಮತ್ತು ಮಧ್ಯಾಹ್ನ ನಿದ್ದೆ ತಪ್ಪಿದರೆ ರಚ್ಚೆ ಹಿಡಿಯುವ ಮೊಮ್ಮಗು ಜೊತೆಗಿರುವ ಕುಟುಂಬಕ್ಕೆ, ದಿನಕ್ಕೆ ಮೂರು ನಾಲ್ಕು ತಾಸಿನಂತೆ ಹೆಚ್ಚು ದಿನ ಹೋಗಿಬರಲು ಅನುವಾಗುವ, ಅವಧಿ ಉದ್ದವಿರುವ ಟಿಕೆಟ್ ಬೇಕು. ಅಂಥ ಟಿಕೆಟ್ ಭಾರತದಿಂದ ಹೋಗುವವರಿಗೂ ಸಿಗಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ, ಅದರಲ್ಲೂ ಅಮೆರಿಕದ ಕನ್ನಡ ಸಂಘಗಳವರ, ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಈಗಿನ ಟಿಕೆಟಿನ ವ್ಯವಸ್ಥೆ ಹೀಗಿದೆ. ಸಾಮಾನ್ಯ ಪ್ರವಾಸಿಗರಿಗೆ ಒಂದು ದಿನದಿಂದ ಹತ್ತು ದಿನಗಳವರೆಗಿನ ಟಿಕೆಟ್‌ಗಳಿವೆ. 2018ರ ಅಕ್ಟೋಬರಿನಿಂದ ದರ ನಾವು ಆರಿಸಿಕೊಳ್ಳುವ ಆರಂಭದ ದಿನಾಂಕವನ್ನು ಅವಲಂಬಿಸಿರುತ್ತದೆ. ಕ್ರಿಸ್‌ಮಸ್ ಹೊತ್ತಿನಲ್ಲಿ, ಆ ನಾಲ್ಕು ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ಒಂದೇ ದಿನದ ಪ್ರವೇಶಕ್ಕೆ ಸುಮಾರು 200 ಡಾಲರ್ ಆಗುತ್ತದೆ. ದಿನಗಳು ಹೆಚ್ಚಿದಂತೆ ದಿನವೊಂದರ ಸರಾಸರಿ ವೆಚ್ಚ ಇಳಿಯುತ್ತ ಹೋಗುತ್ತದೆ ಎಂಬುದು ನಿಜ, ಮತ್ತು ಈ ಇಳಿಕೆ ಸಣ್ಣದೇನಲ್ಲ. ತೊಡಕಿರುವುದು ದಿನಗಳ ಎಣಿಕೆಗಿಂತ ಅವುಗಳನ್ನು ಬಳಸಿ ಮುಗಿಸಬೇಕಾದ ಗಡುವಿನಲ್ಲಿ. ನಾಲ್ಕು ದಿನಗಳ ಟಿಕೆಟನ್ನು ಏಳು ದಿನಗಳೊಳಗೆ ಬಳಸಬೇಕು, ಐದು ದಿನಗಳದ್ದನ್ನು ಎಂಟು ದಿನಗಳೊಳಗೆ, ಹತ್ತು ದಿನಗಳದ್ದನ್ನು ಹದಿನಾಲ್ಕು ದಿನಗಳೊಳಗೆ. ಒಬ್ಬರು ಬಳಸಲು ಆರಂಭಿಸಿದ ಟಿಕೆಟನ್ನು ಇನ್ನೊಬ್ಬರು ಬಳಸುವಂತಿಲ್ಲ. ಬಾಗಿಲಲ್ಲಿ ಬೆರಳಿಟ್ಟು ಗುರುತು ತೋರಿಸಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ, ಒಂಬತ್ತು ವರ್ಷದವರೆಗೆ ತುಸು ರಿಯಾಯಿತಿ. ಹಿರಿಯ ನಾಗರಿಕರಿಗೆಂದು ಪ್ರತ್ಯೇಕ ದರವಿಲ್ಲ. ಹೀಗಾಗಿ ಎಪ್ಪತ್ತರ ಅಜ್ಜನಿಗೂ ಹತ್ತು ವರ್ಷದ ಮೊಮ್ಮಗನಿಗೂ ಬೀಳುವುದು ಒಂದೇ ಹಣ, ಪಾಲಿಸಬೇಕಾದದ್ದು ಒಂದೇ ಗಡುವು.

ನಮ್ಮ ಕಡೆಯ ಎಷ್ಟೋ ಮಂದಿಗೆ ಈ ಜಾಗದ ವಿಸ್ತಾರದ ಅಂದಾಜೇ ಇರುವುದಿಲ್ಲ. ಅಮ್ಯೂಸ್‌ಮೆಂಟ್ ಪಾರ್ಕ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು 2005ರಲ್ಲಿ ಶುರುವಾದ ಬಿಡದಿಯ ವಂಡರ್‌ಲಾ. ಸುಮಾರು 82 ಎಕರೆಯ ಆ ಪಾರ್ಕಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು, ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ತೋರಿಸಿಕೊಂಡು ಬರಬಹುದು. ಫ್ಲೋರಿಡಾದ ಡಿಸ್ನಿ ವರ್ಲ್ಡ್ ಇರುವುದು ನೂರು ಚದರ ಕಿಲೋಮೀಟರಿನಷ್ಟು ನೆಲದಲ್ಲಿ. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್, 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎಂದು ಕರೆಯುವ ಪಾರ್ಕು, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಬಂದವು; ಕೊನೆಯದೊಂದೇ 500 ಎಕರೆಗೂ ಹೆಚ್ಚಿನದು. ನೀರಾಟದ ಎರಡು ಪಾರ್ಕುಗಳು ಬೇರೆ. ಎಪ್ಕಾಟ್‌ನಲ್ಲಿ ಕೊಳದ ಸುತ್ತ ಹನ್ನೊಂದು ದೇಶಗಳ ಕಟ್ಟಡಗಳಿವೆ (ಭಾರತದ್ದಿಲ್ಲ), ಅವನ್ನು ಒಂದು ಸುತ್ತು ಬರುವುದೆಂದರೆ ಎಲ್ಲೂ ನಿಲ್ಲದಿದ್ದರೂ ಸುಮಾರು ಎರಡು ಕಿಲೋಮೀಟರ್ ನಡಿಗೆ. ನಿಲ್ಲದೆ ನಡೆಯುವುದಾದರೆ ಅಷ್ಟು ದೂರ ಹೋಗುವುದಾದರೂ ಏಕೆ?

ಇದರ ಮೇಲೆ ಫ್ಲೋರಿಡಾದ ಹವೆ. ಮೊಮ್ಮಕ್ಕಳಿಗೆ ಶಾಲೆಯ ರಜೆ ಇರುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಆದ್ದರಿಂದ ಅಜ್ಜ–ಅಜ್ಜಿಯರು ಅಲ್ಲಿಗೆ ಹೋಗುವುದೂ ಬಹುಮಟ್ಟಿಗೆ ಆಗಲೇ. ಬೆಳಿಗ್ಗೆ ಹತ್ತಕ್ಕೆಲ್ಲ ಮಂಗಳೂರಿನ ಮೇ ತಿಂಗಳ ಸೆಕೆ. ಮಧ್ಯಾಹ್ನ ಮೂರರ ಸುಮಾರಿಗೆ ಮೋಡ ಕಟ್ಟುತ್ತದೆ, ಗುಡುಗು ಕೇಳಿಸುತ್ತದೆ. ಸಿಡಿಲು ಹತ್ತಿರವಿದೆ ಎಂದು ಕಂಡ ಕೂಡಲೇ ಬಯಲಿನಲ್ಲಿರುವ ಆಟಗಳನ್ನೆಲ್ಲ ನಿಲ್ಲಿಸುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆಗ ಅಂಗಡಿಗಳ ಸೂರಿನಡಿ ಜನ ಒತ್ತೊತ್ತಾಗಿ ನಿಲ್ಲುವುದನ್ನು, ಮಗುವಿನ ತಳ್ಳುಗಾಡಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಅಪ್ಪಂದಿರು ತಾವು ನೆನೆಯುವುದನ್ನು, ಸೀರೆಯ ನೆರಿಗೆ ಎತ್ತಿ ಹಿಡಿದ ನಮ್ಮ ಕಡೆಯ ಹೆಂಗಸರು ಗೋಡೆಗೆ ಒರಗಿ ಇನ್ನೆಷ್ಟು ಹೊತ್ತು ಎಂದು ಮಕ್ಕಳನ್ನು ಕೇಳುವುದನ್ನು ನಾನು ಕಂಡಿದ್ದೇನೆ. ಹೊರಟುಬಿಡೋಣ ಎಂದು ಹಿರಿಯರು ಹೇಳುವುದಿಲ್ಲ. ಮಗ ಅಥವಾ ಅಳಿಯ ಇಷ್ಟು ಡಾಲರ್ ಕೊಟ್ಟಿದ್ದಾನೆ, ಈ ದಿನ ಹೋದರೆ ಹೋಯಿತು ಎಂಬ ಸಂಕೋಚ ಅವರ ಬಾಯಿ ಕಟ್ಟುತ್ತದೆ. ಗಡುವಿನೊಳಗೆ ಮುಗಿಸಲೇಬೇಕಾದ ಟಿಕೆಟ್ ಇಲ್ಲದಿದ್ದರೆ ಅದೇ ಅಜ್ಜಿ ಹನ್ನೆರಡಕ್ಕೆ ಮನೆಗೆ ಹೊರಟು, ಮೊಸರನ್ನ ಉಂಡು ಮಲಗಿ, ಮತ್ತೆರಡು ದಿನ ಬಿಟ್ಟು ಹುರುಪಿನಿಂದ ಬರುತ್ತಾರೆ.

ನನ್ನ ಮಗಳ ಮನೆ ಇರುವುದು ಟ್ಯಾಂಪಾದಲ್ಲಿ. ಅಲ್ಲಿಂದ ಡಿಸ್ನಿ ವರ್ಲ್ಡ್‌ಗೆ ಕಾರಿನಲ್ಲಿ ಒಂದೂವರೆ ತಾಸಿನ ದಾರಿ. ಫ್ಲೋರಿಡಾದ ನಿವಾಸಿಗಳಿಗೆ ಬೇರೆಯದೇ ವಾರ್ಷಿಕ ಪಾಸುಗಳಿವೆ, ಅವುಗಳ ಹಣವನ್ನು ತಿಂಗಳ ಕಂತಿನಲ್ಲಿ ಕಟ್ಟುವ ಅನುಕೂಲವೂ ಇದೆ. ಹಾಗಾಗಿ ಒಂದೇ ಕಾರಿನಲ್ಲಿ ಹೊರಟ ಕುಟುಂಬದಲ್ಲಿ ಮಗಳು–ಅಳಿಯ ಪಾಸು ಹಿಡಿದು ಬಿಡುವಾದಾಗಲೆಲ್ಲ ಹೋಗಿಬರಬಲ್ಲವರು, ಅತಿಥಿಗಳಾದ ನಾವು ದಿನಾಂಕ ಬರೆದ ಟಿಕೆಟಿನವರು. ಸ್ಥಳೀಯರಿಗೆ ಸ್ಥಳೀಯರ ದರ ಇರುವುದು ನ್ಯಾಯವೇ. ಮೈಸೂರು ಅರಮನೆಯಲ್ಲೂ ಆಗ್ರಾದ ತಾಜ್‌ಮಹಲಿನಲ್ಲೂ ವಿದೇಶಿಯರಿಂದ ನಾವು ಹೆಚ್ಚು ಹಣ ಪಡೆಯುತ್ತೇವೆ. ಆ ದರ ನಮಗೂ ಬೇಕೆಂದು ನಾನು ಕೇಳುತ್ತಿಲ್ಲ. ಆರು ತಿಂಗಳವರೆಗೆ ಉಳಿಯಲು ಪ್ರವಾಸಿ ವೀಸಾದಲ್ಲಿ ಅವಕಾಶ ಪಡೆದು ಬಂದವರು ಎರಡೇ ವಾರದೊಳಗೆ ಎಲ್ಲವನ್ನೂ ನೋಡಿ ಮುಗಿಸಬೇಕು ಎಂಬ ಲೆಕ್ಕ ಹೊಂದುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ವಾರ್ಷಿಕ ಪಾಸನ್ನೇ ಕೊಳ್ಳಬಹುದಲ್ಲ ಎಂದು ಕೆಲವರು ಹೇಳಬಹುದು. ಹೊರಗಿನವರೂ ಕೊಳ್ಳಬಹುದಾದ ಪಾಸಿನ ಬೆಲೆ ತಲೆಗೆ 1,500 ಡಾಲರ್ ಮೀರುತ್ತದೆ, ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ವರ್ಷದ ಅರ್ಧ ಭಾಗ ನಾವು ಆ ದೇಶದಲ್ಲಿ ಇರುವುದೇ ಇಲ್ಲ. ಬಳಸಲಾಗದ ಆರು ತಿಂಗಳಿಗೂ ಹಣ ಕಟ್ಟುವ ಶಕ್ತಿ ಉಳ್ಳವರಿಗೆ ಈ ಪತ್ರದ ಅಗತ್ಯವಿಲ್ಲ.

ಹತ್ತು ದಿನಕ್ಕಿಂತ ಉದ್ದದ ಟಿಕೆಟನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಅದೇ ಕಂಪನಿಯ ಬಳಿಯೇ ಇದೆ. ಬ್ರಿಟನ್ನಿನ ನಿವಾಸಿಗಳಿಗೆಂದೇ ಡಿಸ್ನಿ 14 ದಿನಗಳ ಟಿಕೆಟನ್ನು ವರ್ಷಗಳಿಂದ ಮಾರುತ್ತ ಬಂದಿದೆ. ಹಿಂದೆ 21 ದಿನಗಳದ್ದೂ ಇತ್ತು. ಒಂದೇ ದಿನ ಒಂದು ಪಾರ್ಕಿನಿಂದ ಇನ್ನೊಂದಕ್ಕೆ ಹೋಗುವ ಅನುಕೂಲ ಮತ್ತು ನೀರಾಟದ ಪಾರ್ಕುಗಳ ಪ್ರವೇಶವನ್ನೂ ಅದರೊಳಗೇ ಸೇರಿಸಿ ಕೊಡುತ್ತಾರೆ. ಇದಕ್ಕೆ ಕಾರಣ ಧಾರಾಳತನವಲ್ಲ, ವ್ಯವಹಾರ. ಬ್ರಿಟನ್ನಿನಲ್ಲಿ ನೌಕರರಿಗೆ ವರ್ಷಕ್ಕೆ 28 ದಿನಗಳ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ, ಅಲ್ಲಿನ ಕುಟುಂಬಗಳು ಫ್ಲೋರಿಡಾಕ್ಕೆ ಬಂದರೆ ಎರಡು ವಾರವಾದರೂ ಉಳಿಯುತ್ತವೆ, ಅಷ್ಟು ದೂರದಿಂದ ಬಂದವರು ಬೇರೆ ಕಂಪನಿಯ ಪಾರ್ಕುಗಳತ್ತ ಹೋಗದಿರಲಿ ಎಂದು ಉದ್ದದ ಟಿಕೆಟ್ ಕೊಡುವುದು ಲಾಭದ ಮಾತೇ. ಪಕ್ಕದ ಯೂನಿವರ್ಸಲ್ ಕಂಪನಿ 2025ರ ಮೇ ತಿಂಗಳಲ್ಲಿ ಎಪಿಕ್ ಯೂನಿವರ್ಸ್ ಎಂಬ ಹೊಸ ಪಾರ್ಕನ್ನು ತೆರೆದ ಮೇಲಂತೂ ಈ ಪೈಪೋಟಿ ಜೋರಾಗಿದೆ. ಲಂಡನ್ನಿನಿಂದ ಡಿಸ್ನಿ ವರ್ಲ್ಡ್‌ಗೆ ಹತ್ತಿರದ ನಗರವಾದ ಒರ್ಲ್ಯಾಂಡೊಗೆ ನೇರ ವಿಮಾನವಿದೆ. ಬೆಂಗಳೂರಿನಿಂದ ಫ್ಲೋರಿಡಾಕ್ಕೆ ನೇರ ವಿಮಾನವೇ ಇಲ್ಲ. ನಡುವೆ ಇಳಿದು ಹತ್ತಿ, ಇಡೀ ಒಂದು ದಿನ ದಾರಿಯಲ್ಲಿ ಕಳೆದು ನಾವು ತಲುಪಬೇಕು. ದೂರವನ್ನು ನೋಡಿದರೂ, ಉಳಿಯುವ ಅವಧಿಯನ್ನು ನೋಡಿದರೂ, ಬ್ರಿಟನ್ನಿನವರಿಗೆ ಅನ್ವಯಿಸುವ ಕಾರಣಗಳೆಲ್ಲ ನಮಗೆ ಇನ್ನಷ್ಟು ಅನ್ವಯಿಸುತ್ತವೆ.

ಗಡುವಿಲ್ಲದ ಟಿಕೆಟ್ ಹೊಸ ಕಲ್ಪನೆಯೂ ಅಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರಲ್ಲಿ ಶುರುವಾದ ಕೆಲವೇ ತಿಂಗಳಲ್ಲಿ ಅಲ್ಲಿ ಕೂಪನ್ ಪುಸ್ತಕಗಳು ಬಂದವು. ಸಣ್ಣ ಆಟಕ್ಕೆ ಒಂದು ದರ್ಜೆಯ ಕೂಪನ್, ದೊಡ್ಡ ಆಟಕ್ಕೆ ಇನ್ನೊಂದು. ಹರಿಯದೆ ಉಳಿದ ಕೂಪನ್ನುಗಳನ್ನು ಜನ ಮನೆಯ ಕಪಾಟಿನಲ್ಲಿಟ್ಟುಕೊಂಡು ಮುಂದಿನ ಸಲ ತರುತ್ತಿದ್ದರು. ರೋಲರ್ ಕೋಸ್ಟರ್ ಹತ್ತದ, ಬರೀ ದೋಣಿಯಲ್ಲಿ ಕೂತು ಗೊಂಬೆಗಳನ್ನು ನೋಡಲಿಚ್ಛಿಸುವ ಅಜ್ಜಿಗೆ ಅದಕ್ಕಿಂತ ಒಳ್ಳೆಯ ಪದ್ಧತಿ ಇರಲಾರದು. 1982ರಲ್ಲಿ ಅದು ಕೊನೆಗೊಂಡು, ಒಮ್ಮೆ ಹಣ ಕೊಟ್ಟರೆ ಎಲ್ಲ ಆಟಗಳೂ ತೆರೆದಿರುವ ಈಗಿನ ಪದ್ಧತಿ ಬಂತು. ಫ್ಲೋರಿಡಾದಲ್ಲಿ ಅದಾದ ಮೇಲೂ ಬಹುಕಾಲ, ಹಲವು ದಿನಗಳ ಪಾಸಿನಲ್ಲಿ ಬಳಸದೆ ಉಳಿದ ದಿನಗಳು ವರ್ಷಗಳ ನಂತರವೂ ಚಲಾವಣೆಯಾಗುತ್ತಿದ್ದವು. 2005ರ ಜನವರಿಯಲ್ಲಿ ಹದಿನಾಲ್ಕು ದಿನಗಳ ಗಡುವು ಬಂದು, ಗಡುವು ಬೇಡವೆಂದರೆ ಹೆಚ್ಚುವರಿ ಹಣ ಕೊಡಬೇಕು ಎಂದಾಯಿತು. ಕಾಲಕ್ರಮೇಣ ಹಣ ಕೊಟ್ಟರೂ ಆ ಅನುಕೂಲ ಸಿಗದಂತಾಯಿತು. ಉಳಿದ ದಿನಗಳನ್ನು ಇನ್ನೊಬ್ಬರಿಗೆ ಮಾರುವ ದಂಧೆ ಬೆಳೆದಿತ್ತು ಎಂಬ ವಾದವನ್ನು ಒಪ್ಪಬಹುದಾದರೂ, ಬಾಗಿಲಲ್ಲಿ ಬೆರಳಿನ ಗುರುತು ಪಡೆಯುತ್ತಿರುವಾಗ ಆ ಭಯಕ್ಕೆ ಈಗ ಹೆಚ್ಚಿನ ಆಧಾರವಿಲ್ಲ.

ಹೆಚ್ಚು ದಿನ ಕೊಟ್ಟರೆ ಕಂಪನಿಗೆ ನಷ್ಟವಾದೀತೇ? ನಾಲ್ಕೈದು ದಿನಗಳ ನಂತರದ ಪ್ರತಿ ಹೆಚ್ಚುವರಿ ದಿನಕ್ಕೂ ಮೊದಲ ದಿನದ ದರದ ಸಣ್ಣ ಪಾಲನ್ನಷ್ಟೇ ಅವರು ಈಗಲೂ ಪಡೆಯುತ್ತಿದ್ದಾರೆ. ಉಳಿದದ್ದನ್ನು ಊಟ, ತಿಂಡಿ, ಗೊಂಬೆ, ಟೀ ಶರ್ಟುಗಳಲ್ಲಿ ಗಳಿಸುತ್ತಾರೆ. ಹೊರಗಿನಿಂದ ಕಾರಿನಲ್ಲಿ ಬರುವವರು ದಿನವೂ ಪಾರ್ಕಿಂಗ್ ಶುಲ್ಕವನ್ನೂ ಕಟ್ಟುತ್ತಾರೆ. ಮನೆಯಿಂದ ಡಬ್ಬಿಯಲ್ಲಿ ಪುಳಿಯೋಗರೆ ತರಲು ಅಲ್ಲಿ ಅಡ್ಡಿಯಿಲ್ಲ ಎಂಬುದನ್ನು ಈ ಸಂದರ್ಭದಲ್ಲಿ ಮೆಚ್ಚುಗೆಯಿಂದಲೇ ಹೇಳಬೇಕು. ಆದರೆ ಪುಳಿಯೋಗರೆ ಉಂಡ ಮೊಮ್ಮಕ್ಕಳೂ ಐಸ್‌ಕ್ರೀಮಿಗೆ ಹಟ ಮಾಡದೆ ಬಿಡುವುದಿಲ್ಲ.

ನಿಧಾನವಾಗಿ ನೋಡುವುದರಿಂದ ಸಿಗುವ ಸುಖವೂ ಬೇರೆಯೇ. ಅನಿಮಲ್ ಕಿಂಗ್‌ಡಮ್‌ನ ಏಷ್ಯಾ ವಿಭಾಗವನ್ನು ಆನಂದಪುರ ಎಂಬ ಕಲ್ಪಿತ ರಾಜ್ಯವೆಂದು ಕಟ್ಟಿದ್ದಾರೆ. ಸಾಗರ ತಾಲ್ಲೂಕಿನವನಾದ ನನಗೆ ಆ ಹೆಸರಿನ ಬೋರ್ಡು ಕಂಡಾಗ ನಮ್ಮ ಆನಂದಪುರದ ರೈಲು ನಿಲ್ದಾಣ ಕಣ್ಣಿಗೆ ಕಟ್ಟಿತು. ಪಾಳುಬಿದ್ದ ಬೇಟೆಯ ಅರಮನೆಯಂತೆ ರಚಿಸಿದ ಜಾಗದಲ್ಲಿ ಹುಲಿಗಳಿವೆ. ಗೋಡೆಯ ಗಾರೆ ಉದುರಿದಂತೆ, ಬಣ್ಣ ಮಾಸಿದಂತೆ, ಬೇರು ಕಲ್ಲನ್ನು ಸೀಳಿದಂತೆ ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆಂದರೆ, ಕೆಳದಿ ಇಕ್ಕೇರಿಗಳ ಹಳೆಯ ಕಟ್ಟಡಗಳನ್ನು ನೋಡಿ ಬೆಳೆದವರು ಅಲ್ಲಿ ಬೆಂಚಿನ ಮೇಲೆ ಅರ್ಧ ತಾಸು ಕೂತು ಗಮನಿಸಬೇಕು. ನಾಲ್ಕು ದಿನದ ಟಿಕೆಟಿನವರು ಅದರ ಮುಂದೆ ಮೊಬೈಲ್ ನೋಡುತ್ತ, ಮುಂದಿನ ಆಟದ ಸಾಲು ಎಷ್ಟು ನಿಮಿಷವಾಗಿದೆ ಎಂದು ಲೆಕ್ಕ ಹಾಕುತ್ತ ಧಾವಿಸುತ್ತಾರೆ. ಅವರನ್ನು ದೂರುವಂತಿಲ್ಲ.

ಈ ಬೇಡಿಕೆಯನ್ನು ಒಬ್ಬೊಬ್ಬರೇ ಬರೆದರೆ ಯಾರೂ ಕಿವಿಗೊಡಲಾರರು ಎಂದು ನನಗೂ ಗೊತ್ತು. ಆದರೆ ಅಕ್ಕ, ನಾವಿಕ ಮುಂತಾದ ಸಂಸ್ಥೆಗಳು ಅಮೆರಿಕದಲ್ಲಿ ಕನ್ನಡ ಸಮ್ಮೇಳನಗಳನ್ನು ನಡೆಸುತ್ತವೆ, ಫ್ಲೋರಿಡಾದಲ್ಲೂ ಕನ್ನಡ ಕೂಟಗಳಿವೆ. ಒರ್ಲ್ಯಾಂಡೊದಲ್ಲಿ ಸಭೆ–ಸಮ್ಮೇಳನಗಳಿಗೆ ಬರುವವರಿಗೆಂದು ಮಧ್ಯಾಹ್ನದ ಮೇಲೆ ಅಥವಾ ಸಂಜೆಯ ನಂತರವಷ್ಟೇ ಪ್ರವೇಶ ಕೊಡುವ, ದರ ಕಡಿಮೆ ಇರುವ ಟಿಕೆಟ್‌ಗಳನ್ನು ಡಿಸ್ನಿ ಮಾರಿರುವುದುಂಟು. ಅರ್ಧ ದಿನದ ಆ ಪದ್ಧತಿಯನ್ನೇ ಹಿರಿಯರಿರುವ ಕುಟುಂಬಗಳಿಗೂ ವಿಸ್ತರಿಸಿ, ಕನಿಷ್ಠ ಎರಡು ತಿಂಗಳ ಅವಧಿಯೊಳಗೆ ಬಳಸಬಹುದಾದ ಹತ್ತು ಅಥವಾ ಹದಿನಾಲ್ಕು ದಿನಗಳ ಟಿಕೆಟನ್ನು ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಕೊಡಬೇಕೆಂದು ಈ ಸಂಸ್ಥೆಗಳು ಒಟ್ಟಾಗಿ ಕೇಳಬೇಕು; ತೆಲುಗು, ತಮಿಳು ಸಂಘಗಳನ್ನೂ ಜೊತೆಗೆ ಸೇರಿಸಿಕೊಂಡರೆ ದನಿಗೆ ಇನ್ನಷ್ಟು ಬಲ ಬಂದೀತು. ಗುಂಪು ಪ್ರವಾಸ ನಡೆಸುವ ನಮ್ಮ ಟ್ರಾವೆಲ್ಸ್‌ನವರಿಂದ ಇದನ್ನು ನಾನು ನಿರೀಕ್ಷಿಸುವುದಿಲ್ಲ, ಏಕೆಂದರೆ ಒರ್ಲ್ಯಾಂಡೊಗೆ ಒಂದೆರಡು ದಿನ ಕೊಟ್ಟು ಮುಂದಿನ ಊರಿಗೆ ಸಾಗುವುದರಲ್ಲೇ ಅವರ ಲಾಭವಿದೆ.

ಅಲ್ಲಿಯವರೆಗೆ, ಈ ಸಲದ ರಜೆಗೆ ಹೊರಡುವವರು ತಮ್ಮ ಮಕ್ಕಳಿಗೆ ಒಂದು ಮಾತು ಹೇಳಿಡುವುದು ಒಳ್ಳೆಯದು: ಟಿಕೆಟ್ ಕೊಳ್ಳುವಾಗ ದಿನಗಳ ಸಂಖ್ಯೆಯ ಜೊತೆಗೆ ಅವುಗಳ ಗಡುವನ್ನೂ ನೋಡಿ, ನಡುನಡುವೆ ವಿಶ್ರಾಂತಿಯ ದಿನ ಬರುವಂತೆ ಆರಂಭದ ದಿನಾಂಕವನ್ನು ಆರಿಸಲಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಸಾಗರ, ಶಿವಮೊಗ್ಗ ಜಿಲ್ಲೆ