ಬೇರು ಎಲ್ಲಿ ಅಂತ ಕೇಳಿದ್ದೀಯಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಮಗಳು ಬೆಂಗಳೂರಿನಲ್ಲಿ ಯಕ್ಷಗಾನ ಕಲಿಯೋಕೆ ಶುರು ಮಾಡಿದ್ದಾಳೆ ಅಂತ ಓದಿ ತುಂಬ ಖುಷಿಯಾಯಿತು. ಕೊನೆಗೆ ನೀನು ಕೇಳಿದ ಪ್ರಶ್ನೆ ಮಾತ್ರ ತಲೆಯಿಂದ ಹೋಗುತ್ತಾ ಇಲ್ಲ. ‘ಕ್ಲಾಸು ಇಲ್ಲಿದೆ, ಗುರುಗಳು ಇಲ್ಲಿದ್ದಾರೆ, ಆಟ ನೋಡಬೇಕು ಅಂದರೆ ಯೂಟ್ಯೂಬ್ ಇದೆ. ಮತ್ತೆ ಯಕ್ಷಗಾನದ ಬೇರು ಕರಾವಳಿಯಲ್ಲೇ ಇದೆ ಅನ್ನೋದಕ್ಕೆ ಏನರ್ಥ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೇರು ಅಂದಕೂಡಲೇ ಜನ ಹುಟ್ಟಿದ ಜಾಗ ಹುಡುಕೋಕೆ ಹೊರಡುತ್ತಾರೆ. ದಕ್ಷಿಣದ ತೆಂಕು ಶೈಲಿ ಮೊದಲೋ ಉತ್ತರದ ಬಡಗು ಶೈಲಿ ಮೊದಲೋ, ರಾಮಾಯಣದ ಪ್ರಸಂಗಗಳನ್ನು ಬರೆದದ್ದು ಕುಂಬಳೆಯ ಕವಿ ಪಾರ್ತಿಸುಬ್ಬನೋ ಬೇರೆಯವರೋ ಅಂತ ವಿದ್ವಾಂಸರು ಎಷ್ಟೋ ವಾದ ಮಾಡಿದ್ದಾರೆ. ಮಾಡಲಿ, ಅದೂ ಬೇಕು. ಆದರೆ ನನಗೆ ಬೇರು ಕಾಣೋದು ಇನ್ನೊಂದು ಕಡೆ. ಒಂದು ಊರಿನ ಜನ ಒಂದು ಕಲೆಯನ್ನು ‘ನೀನು ನಮಗೆ ಬೇಕು’ ಅಂತ ಇವತ್ತಿಗೂ ಕೇಳುತ್ತಿದ್ದಾರಾ? ಅದಿಲ್ಲದೆ ಅವರ ಏನಾದರೂ ಒಂದು ಕೆಲಸ ನಿಂತುಹೋಗುತ್ತದಾ? ಹೌದು ಅಂತಾದರೆ ಅಲ್ಲಿ ಬೇರಿದೆ.

ಹರಕೆಯಾಟವನ್ನೇ, ಅಂದರೆ ಹರಕೆ ತೀರಿಸೋಕೆ ಆಡಿಸುವ ಯಕ್ಷಗಾನವನ್ನೇ ನೋಡು. ಮಕ್ಕಳಾಗಲಿಲ್ಲ, ಕಾಯಿಲೆ ವಾಸಿಯಾಗಲಿಲ್ಲ, ಕೋರ್ಟು ಕೇಸು ಮುಗಿಯಲಿಲ್ಲ ಅಂದರೆ ನಮ್ಮ ಕಡೆಯವರು ಕಟೀಲಿನ ದೇವಿಗೆ ಒಂದು ಆಟ ಹೇಳಿಕೊಳ್ಳುತ್ತಾರೆ. ನೆನೆಸಿದ್ದು ಆದಮೇಲೆ ದೇವಸ್ಥಾನದ ಮೇಳವನ್ನು, ಅಂದರೆ ಕಲಾವಿದರ ತಂಡವನ್ನು ಕರೆಸಿ ಆಟ ಆಡಿಸಬೇಕು. ಕಟೀಲಿನದ್ದು ಒಂದೇ ಮೇಳ ಅಲ್ಲ, ಹಲವು ಮೇಳಗಳು ಒಂದೇ ರಾತ್ರಿ ಬೇರೆ ಬೇರೆ ಊರುಗಳಲ್ಲಿ ಆಡುತ್ತವೆ. ಆದರೂ ಸರದಿ ಬರೋಕೆ ವರ್ಷಗಟ್ಟಲೆ ಕಾಯಬೇಕು. ಹರಕೆ ಹೊತ್ತ ಅಜ್ಜಿ ತೀರಿಹೋಗಿ, ಮೊಮ್ಮಗ ಆಟ ಆಡಿಸಿದ ಮನೆಗಳಿವೆ. ಟಿಕೆಟ್ ಇಲ್ಲ. ಬಂದವರಿಗೆಲ್ಲ ಆ ಮನೆಯವರದ್ದೇ ಊಟ. ನೋಡೋಕೆ ಒಬ್ಬರೂ ಬಾರದಿದ್ದರೂ ಆಟ ನಡೆಯಲೇಬೇಕು, ಯಾಕಂದರೆ ಅದು ದೇವಿಗೆ ಕೊಟ್ಟ ಮಾತು. ಚಪ್ಪಾಳೆಯನ್ನು ನಂಬಿಕೊಂಡ ಕಲೆಗೆ ಈ ಧೈರ್ಯ ಇರಲ್ಲ.

ಹರಕೆಯಾಟದಲ್ಲಿ ಜಾಸ್ತಿ ಆಡಿಸುವ ಪ್ರಸಂಗ ದೇವೀಮಹಾತ್ಮೆ. ಅವತ್ತು ಸಂಜೆಯೇ ಹೋಗಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯಲ್ಲಿ ಕೂತುಕೊಂಡರೆ ಮಹಿಷಾಸುರ ತಯಾರಾಗೋದು ನೋಡಬಹುದು. ಕಲಾವಿದರು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಳ್ಳುತ್ತಾರೆ. ಆಮೇಲೆ ಚಿಟ್ಟಿ ಇಡುವ ಕೆಲಸ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ ಚಿಟ್ಟಿಯನ್ನು ಕಡ್ಡಿಯಲ್ಲಿ ತೆಗೆದು ಚುಕ್ಕಿ ಚುಕ್ಕಿಯಾಗಿ, ಸಾಲು ಸಾಲಾಗಿ ಇಡುತ್ತಾ ಹೋಗಬೇಕು. ಒಣಗಿದ ಮೇಲೆ ಅದು ಮುಳ್ಳೆದ್ದು ನಿಂತ ಹಾಗೆ ಕಾಣಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟೂ ಹೊತ್ತು ಅವರು ನಗುವ ಹಾಗಿಲ್ಲ, ಮುಖ ಅಲ್ಲಾಡಿಸುವ ಹಾಗಿಲ್ಲ. ಪಕ್ಕದಲ್ಲಿ ಮನೆಯವರು ಗಣಪತಿಗೆ, ದೇವಿಯ ಕಿರೀಟಕ್ಕೆ ಕೈಮುಗಿಯುತ್ತಿರುತ್ತಾರೆ. ಚಿಕ್ಕ ಮಕ್ಕಳು ಬಾಗಿಲಲ್ಲಿ ಇಣುಕುತ್ತಿರುತ್ತಾರೆ.

ಈ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರಲ್ಲ. ಜನರ ಹಿಂದೆ, ದೂರದಿಂದ ಬರುತ್ತಾನೆ. ಎರಡೂ ಕಡೆ ದೊಂದಿ. ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗಂತ ಮೇಲೇಳುತ್ತದೆ. ಕೋಣದ ಕೊಂಬು, ಚೆಂಡೆಯ ಅಬ್ಬರ, ಕೂಗು. ಚಾಪೆ ಹಾಕಿ ಮಲಗಿದ್ದ ಮಕ್ಕಳು ಕಿರುಚಿ ಅಮ್ಮನ ಸೆರಗಿನೊಳಗೆ ಹೋಗುತ್ತಾರೆ. ಅವನಿಗೆ ದಾರಿ ಬಿಡೋಕೆ ಜನ ಎದ್ದು ಸರಿಯಬೇಕು. ಪ್ರೇಕ್ಷಕರು ಎಲ್ಲಿ ಮುಗಿದು ಆಟ ಎಲ್ಲಿ ಶುರುವಾಯಿತು ಅಂತ ಆಗ ಹೇಳೋಕೆ ಆಗಲ್ಲ. ಇದನ್ನು ಸ್ಕ್ರೀನಿನಲ್ಲಿ ನೋಡಿದರೆ ವೇಷ ಕಾಣುತ್ತದೆ ಅಷ್ಟೇ.

ಇನ್ನು ಮಳೆಯ ವಿಷಯ. ಮೇಳಗಳ ತಿರುಗಾಟ ಶುರುವಾಗೋದು ದೀಪಾವಳಿ ಕಳೆದ ಮೇಲೆ. ಅಷ್ಟು ಹೊತ್ತಿಗೆ ಏಣಿಲು, ಅಂದರೆ ಮಳೆಗಾಲದ ಭತ್ತದ ಬೆಳೆ ಕೊಯ್ದು ಗದ್ದೆ ಖಾಲಿಯಾಗಿರುತ್ತದೆ, ಆ ಗದ್ದೆಯಲ್ಲೇ ಆಟ. ಮುಗಿಯೋದು ಪತ್ತನಾಜೆಗೆ, ತುಳುವಿನ ಬೇಶ ತಿಂಗಳ 10ನೇ ದಿನ, ಮೇ 24–25ರ ಹೊತ್ತಿಗೆ. ಅವತ್ತು ಮೇಳಗಳು ತಮ್ಮ ದೇವಸ್ಥಾನಕ್ಕೆ ವಾಪಸು ಬಂದು ಕೊನೆಯ ಸೇವೆಯಾಟ ಮಾಡಿ ಗೆಜ್ಜೆ ಬಿಚ್ಚುತ್ತವೆ. ಭೂತಕೋಲಗಳೂ ನಿಲ್ಲುತ್ತವೆ. ಜೂನ್ ಬಂದರೆ ಮಳೆ, ಗದ್ದೆಗೆ ನೀರು, ನಾಟಿ. ಮಳೆಗಾಲದಲ್ಲಿ ಆಟ ಸೂರಿನ ಕೆಳಗೆ ಬರುತ್ತದೆ. ವೇಷ, ಕುಣಿತ ಇಲ್ಲದೆ ಬರೀ ಹಾಡು, ಮಾತಿನ ತಾಳಮದ್ದಳೆ ನಡೆಯುತ್ತದೆ, ಚಿಕ್ಕಮೇಳ ಅನ್ನುವ ಸಣ್ಣ ತಂಡಗಳವರು ಮನೆಮನೆಗೆ ಹೋಗುತ್ತಾರೆ. ನಮ್ಮ ಬೇಸಾಯಕ್ಕೂ ಆಟಕ್ಕೂ ಒಂದೇ ಪಂಚಾಂಗ. ಯಾರೋ ಕೂತು ಯೋಚಿಸಿ ಮಾಡಿದ ವ್ಯವಸ್ಥೆ ಅಲ್ಲ ಇದು, ಇಲ್ಲಿ ಬದುಕಿ ಬದುಕಿ ಆದದ್ದು.

ಕಲೆಯನ್ನು ತಿದ್ದುವ ಜನವೂ ಇಲ್ಲೇ ಇದ್ದಾರೆ. ಭಾಗವತರು ಪದ, ಅಂದರೆ ಹಾಡು ಹೇಳುತ್ತಾರೆ, ವೇಷಧಾರಿ ಅದಕ್ಕೆ ಮಾತಿನಲ್ಲಿ ಅರ್ಥ ಹೇಳಬೇಕು. ಬರೆದಿಟ್ಟ ಮಾತು ಇರಲ್ಲ, ಅಲ್ಲೇ ಹುಟ್ಟಬೇಕು. ಬಾಯಿತಪ್ಪಿ ಒಂದು ಇಂಗ್ಲಿಷ್ ಶಬ್ದ ಬಂತೋ, ಕರ್ಣ ಆಡಬಾರದ ಮಾತು ಆಡಿದನೋ, ಮಾರನೇ ದಿನ ಹೋಟೆಲಿನಲ್ಲಿ ಚಾ ಕುಡಿಯುವಾಗ ಅದೇ ಚರ್ಚೆ. ಚರ್ಚೆ ನಡೆಯೋದು ತುಳುವಿನಲ್ಲಿ! ಮನೆಯಲ್ಲಿ ತುಳು, ಕೊಂಕಣಿ, ಹವ್ಯಕ ಮಾತಾಡುವವರು ರಂಗಸ್ಥಳದಲ್ಲಿ ಅಚ್ಚುಕಟ್ಟಾದ ಕನ್ನಡ ಕೇಳಿ ಕೇಳಿ ಬೆಳೆದವರು. ಶಾಲೆಗೇ ಹೋಗದ ನನ್ನ ಅಜ್ಜ ಇಡೀ ಮಹಾಭಾರತ ಕಲಿತದ್ದು ಆಟದಿಂದ. ಸಂಪಾಜೆಯ ಜಬ್ಬಾರ್ ಸಮೋ ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವಾಗ ಜನ ತೂಗಿ ನೋಡೋದು ಮಾತನ್ನು. ಬೇರು ಅಂದರೆ ಒಂದು ಜಾತಿಯ, ಒಂದು ಮನೆಯ ಆಸ್ತಿ ಅಂದುಕೊಂಡವರಿಗೆ ನಾನು ಇದನ್ನೇ ಹೇಳುತ್ತೇನೆ.

ಸರ್ಕಾರ ಎಳೆದ ಗೆರೆಗೂ ಇದಕ್ಕೂ ಸಂಬಂಧ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಆಟ ನಿಲ್ಲಲಿಲ್ಲ. ಅದೇ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಅಂದರೆ ದೇಶಕ್ಕೆಲ್ಲ ಸಂವಿಧಾನದ ಮೂಲ ರಚನೆಯ ಬಗ್ಗೆ ಬಂದ 1973ರ ಸುಪ್ರೀಂ ಕೋರ್ಟ್ ತೀರ್ಪು ನೆನಪಾಗುತ್ತದೆ. ನಮಗೆ ಅವರು ಯಕ್ಷಗಾನದ ಪದ ಹೇಳುತ್ತಿದ್ದ ಸ್ವಾಮೀಜಿ.

ಎಲ್ಲ ಮೊದಲಿನ ಹಾಗೇ ಇದೆ ಅಂತ ನಾನು ಹೇಳಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ನಿಯಮ ಇದೆ. ಜನರಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಹಾಗಾಗಿ ರಾತ್ರಿಯಿಡೀ ಆಡುತ್ತಿದ್ದ ಎಷ್ಟೋ ಮೇಳಗಳು ಕಾಲಮಿತಿಗೆ, ಅಂದರೆ ಕೆಲವೇ ಗಂಟೆಗಳ ಆಟಕ್ಕೆ ಬಂದಿವೆ. ಬೆಳಗಿನ ಜಾವದ ಚೆಂಡೆ ಕೇಳಿ ಬೆಳೆದ ನನಗೆ ಇದು ನೋವು. ಆದರೆ ಹರಕೆ ನಿಂತಿಲ್ಲ, ಪತ್ತನಾಜೆ ತಪ್ಪಿಲ್ಲ, ಹೋಟೆಲಿನ ಚರ್ಚೆ ಕಡಿಮೆಯಾಗಿಲ್ಲ. ರಂಗಸ್ಥಳದ ಬೆಳಕಿಗೆ ದೊಂದಿ ಹೋಗಿ ಕರೆಂಟು ದೀಪ ಬಂದಾಗಲೂ ಆಟ ಉಳಿದಿತ್ತು. ಹುಡುಗಿಯರು ಗೆಜ್ಜೆ ಕಟ್ಟಿದ್ದು ಈಚೆಗೆ, ಅದರಿಂದ ಕಲೆಗೆ ಬಲವೇ ಬಂತು. ನನ್ನ ನಿಜವಾದ ಹೆದರಿಕೆ ಗದ್ದೆಗಳದ್ದು. ಒಂದೊಂದೇ ಗದ್ದೆ ಅಡಿಕೆ ತೋಟವಾಗುತ್ತಿದೆ, ಸೈಟ್ ಆಗುತ್ತಿದೆ. ಹರಕೆ ಇದ್ದವರೂ ಆಟಕ್ಕೆ ಶಾಲೆಯ ಮೈದಾನ ಹುಡುಕಬೇಕಾಗಿದೆ.

ಈಗ ನಿನ್ನ ಮಗಳ ವಿಷಯ. ಊರು ಬಿಟ್ಟವರಿಗೆ ಬೇರಿಲ್ಲ ಅಂತ ನಾನು ಯಾವತ್ತೂ ಹೇಳಲ್ಲ. ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ ನಮ್ಮ ಕಡೆಯವರು ಅಲ್ಲಿ ಮಂಡಳಿ ಕಟ್ಟಿಕೊಂಡರು. ಹಗಲೆಲ್ಲ ದುಡಿದು ರಾತ್ರಿ ಗೆಜ್ಜೆ ಕಟ್ಟಿದರು. ಮಳೆಗಾಲದಲ್ಲಿ ಊರಿನ ಕಲಾವಿದರನ್ನು ಕರೆಸಿಕೊಂಡರು. ಅವರಿಗೆ ಆಟ ಬೇಕಿತ್ತು, ಅದಕ್ಕೇ ಅದು ಅಲ್ಲಿ ಹಿಡಿಯಿತು. ನಿಮ್ಮ ಕ್ಲಾಸಿನ ಬಗ್ಗೆಯೂ ನಾನು ಕೇಳೋದು ಇಷ್ಟೇ: ವಾರ್ಷಿಕೋತ್ಸವ ಮುಗಿದ ಮೇಲೆ ಅದು ಯಾರಿಗೆ ಬೇಕು? ಬೇಕಾಗುವ ಹಾಗೆ ಮಾಡಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಚೌತಿ ಮಾಡುತ್ತೀರಲ್ವಾ? ವರ್ಷವೂ ಆವತ್ತು ಒಂದು ತಾಳಮದ್ದಳೆ ಇಡಿ. ವೇಷದ ಖರ್ಚಿಲ್ಲ. ಭಾಗವತರು, ಮದ್ದಳೆ, ಚೆಂಡೆ, ಅರ್ಥ ಹೇಳೋಕೆ ನಾಲ್ಕು ಜನ ಸಾಕು. ಮಕ್ಕಳು ಅರ್ಥ ಹೇಳಲಿ, ತಪ್ಪಾದರೆ ಹಿರಿಯರು ತಿದ್ದಲಿ. ಒಂದು ವರ್ಷ ಬಿಟ್ಟುಹೋದರೆ ಯಾರಾದರೂ ‘ಈ ಸಲ ಯಾಕಿಲ್ಲ?’ ಅಂತ ಜಗಳಕ್ಕೆ ಬರಬೇಕು, ಅಲ್ಲಿಯವರೆಗೆ ಬಿಡಬೇಡಿ.

ಅದಕ್ಕೂ ಮೊದಲು ಅವಳನ್ನು ಇಲ್ಲಿಗೆ ಕರಕೊಂಡು ಬಾ. ಪರೀಕ್ಷೆ ಮುಗಿದ ಕೂಡಲೇ ಹೊರಡಿ, ಪತ್ತನಾಜೆ ದಾಟಿದರೆ ಮತ್ತೆ ನವೆಂಬರಿನವರೆಗೆ ಕಾಯಬೇಕು. ಸಂಜೆ ಚೌಕಿಗೆ ಹೋಗೋಣ. ಚಿಟ್ಟಿ ಇಡೋದನ್ನು ಅವಳು ಹತ್ತಿರದಿಂದ ನೋಡಲಿ. ಕಲಾವಿದರನ್ನು ಆ ಹೊತ್ತಿನಲ್ಲಿ ಮಾತಾಡಿಸಬಾರದು ಅಂತ ಮಾತ್ರ ಮೊದಲೇ ಹೇಳಿಡು. ಕೇಳಬೇಕಾದ್ದನ್ನೆಲ್ಲ ಆಟ ಮುಗಿದು ಬಣ್ಣ ತೆಗೆಯುವಾಗ ಕೇಳಲಿ, ಆಗ ಅವರು ಖುಷಿಯಿಂದ ಹೇಳುತ್ತಾರೆ. ಯಾವ ವಾರ ಬರುತ್ತೀರಿ ಅಂತ ಬರೆದರೆ ಹತ್ತಿರದಲ್ಲಿ ಎಲ್ಲೆಲ್ಲಿ ಆಟ ಇದೆ ಅಂತ ವಿಚಾರಿಸಿ ಇಡುತ್ತೇನೆ.

ನಿನ್ನ ಗೆಳೆಯ,
ಬೆಳ್ತಂಗಡಿ